ಇಪ್ಪತ್ತೊಂಬತ್ತು ಸೆಕೆಂಡಿನ ವಿಮಾನ

ಕಳೆದ ಸೆಮಿಸ್ಟರ್ ಪೈಥಾನ್ ಲ್ಯಾಬಲ್ಲಿ ಒಂದು ಪ್ರೋಗ್ರಾಂ ಇತ್ತು. ಎರಡು ಊರುಗಳ ಅಕ್ಷಾಂಶ, ರೇಖಾಂಶ ಕೊಟ್ಟರೆ ದೂರ ಮತ್ತು ವಿಮಾನದ ಸಮಯ ಹೇಳಬೇಕು. (ಅಕ್ಷಾಂಶ ಯಾವುದು, ರೇಖಾಂಶ ಯಾವುದು ಅಂತ ನಾನು ಕನ್ನಡದಲ್ಲಿ ಕಲಿತಿದ್ದೇ ಈ ಲೇಖನಕ್ಕೋಸ್ಕರ, ನಗಬೇಡಿ.) ಹ್ಯಾವರ್‌ಸೈನ್ ಸೂತ್ರ ಹಾಕಿ ದೂರ ತೆಗೆದು, ಅದನ್ನು 800ರಿಂದ ಭಾಗಿಸಿದರೆ ಮುಗೀತು. ವಿಮಾನದ ವೇಗ ಗಂಟೆಗೆ 800 ಕಿ.ಮೀ. ಅಂತ ಲೆಕ್ಕ. ಎಲ್ಲರೂ ಬೆಂಗಳೂರು–ದೆಹಲಿ ಹಾಕಿದರು. ನಂದು ಸ್ವಲ್ಪ ಬೇರೆ ಇರಲಿ ಅಂತ ನಾನು ಆಫ್ರಿಕಾಕ್ಕೆ ಹೋದೆ.

ಮೊದಲು ಕೈರೋ–ಜೋಹಾನ್ಸ್‌ಬರ್ಗ್. ಸುಮಾರು 6,260 ಕಿ.ಮೀ., ಎಂಟು ಗಂಟೆಗೆ ಸ್ವಲ್ಪ ಕಡಿಮೆ. ಭಾರತದ ಉತ್ತರ–ದಕ್ಷಿಣ ಉದ್ದ 3,214 ಕಿ.ಮೀ. ಅಂತ ಬಾಯಿಪಾಠ ಮಾಡಿದ್ದೀವಲ್ಲ, ಹೆಚ್ಚು ಕಡಿಮೆ ಅದರ ಎರಡರಷ್ಟು. ಸರಿ, ನಂಬಬಹುದು. ಆಮೇಲೆ ಕಿನ್ಶಾಸಾ–ಬ್ರಾಜಾವಿಲ್ ಹಾಕಿದೆ. ದೂರ 6.5 ಕಿ.ಮೀ., ವಿಮಾನದ ಸಮಯ 29 ಸೆಕೆಂಡ್! ಲ್ಯಾಬಲ್ಲೆಲ್ಲ ನಗು. ನನಗೆ ಹತ್ತಕ್ಕೆ ಹತ್ತು.

ಆ ಹತ್ತು ನನಗೆ ಬರಬಾರದಿತ್ತು ಅನ್ನೋದು ನನ್ನ ವಾದ.

ಇವೆರಡೂ ರಾಜಧಾನಿಗಳು. ಕಿನ್ಶಾಸಾ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ್ದು, ಬ್ರಾಜಾವಿಲ್ ಕಾಂಗೋ ಗಣರಾಜ್ಯದ್ದು. ಮಧ್ಯೆ ಕಾಂಗೋ ನದಿ. ಈ ದಡದಲ್ಲಿ ನಿಂತರೆ ಆ ದಡದ ಕಟ್ಟಡಗಳು ಕಾಣುತ್ತವೆ. ಎರಡೂ ಕಡೆ ಲಿಂಗಾಲ ಮಾತಾಡ್ತಾರೆ. ಸಂಗೀತ ಕೂಡ ಒಂದೇ: 2021ರಲ್ಲಿ ಕಾಂಗೋ ರುಂಬಾ ಯುನೆಸ್ಕೊ ಪಟ್ಟಿ ಸೇರಿದ್ದು ಎರಡೂ ದೇಶಗಳ ಹೆಸರಲ್ಲಿ. ಆದರೆ ನಡುವೆ ಸೇತುವೆ ಇಲ್ಲ. ದೋಣಿಯಲ್ಲೇ ದಾಟಬೇಕು. ನೀರಿನ ಮೇಲೆ ಕಳೆಯೋದು ಕೆಲವೇ ನಿಮಿಷ. ಪಾಸ್‌ಪೋರ್ಟ್, ವೀಸಾ, ಕ್ಯೂ ಇವಕ್ಕೆ ಗಂಟೆಗಟ್ಟಲೆ ಹೋಗಬಹುದು. ಈ ಗಂಟೆಗಳು ನನ್ನ ಸೂತ್ರದಲ್ಲಿ ಎಲ್ಲಿದ್ದವು?

ಇದರ ಹಿಂದೆ ಇಂಜಿನಿಯರಿಂಗ್ ಕಥೆಯೂ ಇದೆ. ಕಿನ್ಶಾಸಾದಿಂದ ಕೆಳಗೆ ನದಿ ಪೂರ್ತಿ ರಭಸ, ಹಡಗು ಹೋಗಲ್ಲ. ಹಾಗಾಗಿ ಸಮುದ್ರದ ಕಡೆಗೆ ರೈಲು ಬೇಕಾಯ್ತು. ಬೆಲ್ಜಿಯಂ ರಾಜ ಲಿಯೋಪೋಲ್ಡ್‌ನ ಆಡಳಿತ ತನ್ನ ದಡದಿಂದ ಮತಾಡಿ ಬಂದರಿಗೆ ಹಳಿ ಹಾಕಿ 1898ರಲ್ಲಿ ಮುಗಿಸಿತು. ಫ್ರೆಂಚರು ಅದನ್ನೇ ನೆಚ್ಚಿಕೊಳ್ಳೋದು ಬೇಡ ಅಂತ ತಮ್ಮ ದಡದಿಂದ ಪ್ವಾಂತ್ ನ್ವಾರ್‌ಗೆ ಇನ್ನೊಂದು ಹಳಿ ಹಾಕಿದರು, ಅದು ಮುಗಿದಿದ್ದು 1934ರಲ್ಲಿ. ಒಂದೇ ನದಿಯ ಎರಡು ದಡಕ್ಕೆ ಎರಡು ರೈಲು, ಸಾವಿರಾರು ಕೂಲಿಗಳ ಸಾವು. ನದಿ ದಾಟೋಕೆ ಮಾತ್ರ ಏನೂ ಇಲ್ಲ. ರಸ್ತೆ, ರೈಲು ಎರಡೂ ಹೋಗೋ ಸೇತುವೆಯ ಯೋಜನೆ ವರ್ಷಗಳಿಂದ ಕಾಗದದ ಮೇಲಿದೆ.

ಆಕಾಶದಲ್ಲೂ ಹೆಚ್ಚು ಬೇರೆ ಅಲ್ಲ. ಆಫ್ರಿಕಾದ ದೇಶಗಳು ಒಬ್ಬರ ವಿಮಾನಕ್ಕೆ ಇನ್ನೊಬ್ಬರು ದಾರಿ ಬಿಡೋಣ ಅಂತ ಯಾಮುಸುಕ್ರೋದಲ್ಲಿ ತೀರ್ಮಾನ ಮಾಡಿದ್ದು 1999ರಲ್ಲಿ. ಆಫ್ರಿಕನ್ ಒಕ್ಕೂಟ ಅದಕ್ಕೆ ಮತ್ತೆ ಚಾಲನೆ ಕೊಟ್ಟಿದ್ದು 2018ರಲ್ಲಿ. ಇವತ್ತಿಗೂ ಅಲ್ಲಿನ ಎಷ್ಟೋ ಊರುಗಳ ನಡುವೆ ನೇರ ವಿಮಾನ ಇಲ್ಲ, ಪ್ಯಾರಿಸ್ಸೋ ದುಬೈಯೋ ಸುತ್ತಿಕೊಂಡು ಹೋಗಬೇಕು.

ನನ್ನ ಲ್ಯಾಬ್ ಪಾರ್ಟ್ನರ್ ಹೇಳೋದು: "ಕ್ವೆಶ್ಚನ್ನಲ್ಲಿ ಕೇಳಿದ್ದು ಅಷ್ಟೇ ಕಣೋ, ವೀಸಾ ಎಲ್ಲ ಯಾರು ಕೋಡ್ ಮಾಡ್ತಾರೆ?" ಒಪ್ಪಿದೆ. ಆದರೆ ಹಾಗಿದ್ದರೆ ಅದಕ್ಕೆ 'ವಿಮಾನದ ಸಮಯ' ಅಂತ ಹೆಸರಿಡೋದು ಸುಳ್ಳು. ಆ ಸಾಲನ್ನ ನಾನೀಗ '800ರಿಂದ ಭಾಗಿಸಿದ ಉತ್ತರ' ಅಂತ ಬದಲಾಯಿಸಿದ್ದೀನಿ. ರೆಕಾರ್ಡ್ ಬುಕ್ಕಲ್ಲಿ ಮಾತ್ರ ಇನ್ನೂ 29 ಸೆಕೆಂಡೇ ಇದೆ, ಸಹಿ ಸಮೇತ.