ಇಬ್ಬರು ದಿವಾನರು

ಮೈಸೂರು ಸಂಸ್ಥಾನದಲ್ಲಿ ಪ್ರಧಾನಮಂತ್ರಿಯ ಸ್ಥಾನ ದಿವಾನರದು. ಆ ಪದವಿಯನ್ನು ಅಲಂಕರಿಸಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಅರಿಯದ ಕನ್ನಡಿಗನಿಲ್ಲ. ಸರ್ ಮಿರ್ಜಾ ಇಸ್ಮಾಯಿಲರ ಹೆಸರಾದರೋ ಬಹುಮಟ್ಟಿಗೆ ಮರೆವಿಗೆ ಸಂದಿದೆ. ಇದು ಎಷ್ಟರಮಟ್ಟಿಗೆ ನ್ಯಾಯ?

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದವರು. 1912ರಿಂದ 1918ರವರೆಗಿನ ಅವರ ಆಡಳಿತದಲ್ಲಿ ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರು ವಿಶ್ವವಿದ್ಯಾನಿಲಯಗಳು ತಲೆಯೆತ್ತಿದವು. ಕನ್ನಂಬಾಡಿ ಕಟ್ಟೆಯ ಮಾತು ಬೇರೆ. ಅವರು ಮುಖ್ಯ ಎಂಜಿನಿಯರಾಗಿದ್ದಾಗ, 1911ರಲ್ಲಿ, ಆರಂಭವಾದ ಆ ಕಾರ್ಯ ಕೊನೆಗಂಡದ್ದು ಎರಡು ದಶಕಗಳ ಅನಂತರ, ಮಿರ್ಜಾರವರು ದಿವಾನರಾಗಿದ್ದ 1926-1941ರ ಅವಧಿಯಲ್ಲಿ. ಮಂಡ್ಯದ ಹೊಲಗಳಿಗೆ ನೀರೊಯ್ದ ನಾಲೆ, ಅಲ್ಲಿನ ಸಕ್ಕರೆ ಕಾರ್ಖಾನೆ, ಬೃಂದಾವನ ಉದ್ಯಾನ ಇವೆಲ್ಲ ಮಿರ್ಜಾರವರ ಕಾಲದವು. ಆ ನಾಲೆಗೂ ಈಗ ವಿಶ್ವೇಶ್ವರಯ್ಯನವರದೇ ಹೆಸರು! ವಿಚಿತ್ರವೆಂದರೆ, ಅವರ ಹುಟ್ಟೂರಿನ ಸೀಮೆಗೆ ಆ ಕಟ್ಟೆಯ ನೀರು ಹರಿಯಲಿಲ್ಲ. ಚಿಂತಾಮಣಿ, ಶಿಡ್ಲಘಟ್ಟಗಳ ರೈತರು ಕೆರೆ ಬಾವಿಗಳನ್ನೇ ನಂಬಿದರು.

ಗೌರಿಬಿದನೂರಿನ ಸೀಮೆಯಲ್ಲಿ ಮಿರ್ಜಾರವರ ಆಡಳಿತದ ನೆನಪು ಉಳಿದಿರುವುದು ನಾಲೆಯಿಂದಲ್ಲ. 1938ರ ಏಪ್ರಿಲ್ 25ರಂದು, ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥದಲ್ಲಿ, ನಿಷೇಧಾಜ್ಞೆಯನ್ನು ಮೀರಿ ಧ್ವಜ ಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಅಸುನೀಗಿದರು. ಗುಂಡಿಕ್ಕಿದ ಕೈ ದಿವಾನರದಲ್ಲ, ನಿಜ. ಆದರೆ ಆಡಳಿತ ಅವರದು, ಹೊಣೆಯೂ ಅವರದೇ. ಮರುತಿಂಗಳೇ ಸರ್ದಾರ್ ಪಟೇಲರೊಡನೆ ಮಾತುಕತೆಯಾಗಿ, ತ್ರಿವರ್ಣ ಧ್ವಜವನ್ನು ಸಂಸ್ಥಾನದ ಧ್ವಜದೊಡನೆ ಹಾರಿಸಲು ಸರ್ಕಾರ ಸಮ್ಮತಿಸಿತು. ಈ ಸಮ್ಮತಿ ಒಂದು ತಿಂಗಳು ಮೊದಲೇ ದೊರೆತಿದ್ದರೆ ಆ ಪ್ರಾಣಗಳು ಉಳಿಯುತ್ತಿದ್ದುವಲ್ಲವೆ?

ಇದೇ ತಕ್ಕಡಿಯಲ್ಲಿ ವಿಶ್ವೇಶ್ವರಯ್ಯನವರನ್ನೂ ತೂಗಬೇಕಷ್ಟೆ. ಸರ್ಕಾರಿ ಹುದ್ದೆಗಳು ಬಹುಪಾಲು ಒಂದೇ ವರ್ಗದವರ ಕೈಯಲ್ಲಿದ್ದ ಕಾಲವದು. ಹಿಂದುಳಿದವರಿಗೆ ಪ್ರಾತಿನಿಧ್ಯ ಕಲ್ಪಿಸುವ ಸಲುವಾಗಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯೊಂದೇ ಮಾನದಂಡವೆಂದು ನಂಬಿದ್ದ ವಿಶ್ವೇಶ್ವರಯ್ಯನವರು ಅದನ್ನೊಪ್ಪದೆ ಪದವಿಯನ್ನೇ ತ್ಯಜಿಸಿದರು. ನಂಬಿದ್ದಕ್ಕಾಗಿ ಅಧಿಕಾರವನ್ನು ಬಿಟ್ಟುಕೊಡುವ ಎದೆಗಾರಿಕೆ ಎಲ್ಲರಿಗೂ ಬರುವಂಥದಲ್ಲ. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಲು 1913ರಲ್ಲಿ ಶಾಸನ ಬಂದದ್ದೂ ಅವರ ಕಾಲದಲ್ಲಿಯೇ. ಆದರೂ ತಲೆತಲಾಂತರದಿಂದ ಶಾಲೆಯ ಮೆಟ್ಟಿಲನ್ನೇ ಕಾಣದವರನ್ನು ಅರ್ಹತೆಯ ಓಟದಲ್ಲಿ ನಿಲ್ಲಿಸುವುದು ಹೇಗೆ ನ್ಯಾಯವಾದೀತು? ಈ ವಿಷಯದಲ್ಲಿ ದಿವಾನರಿಗಿಂತ ಮಹಾರಾಜರೇ ಹೆಚ್ಚು ದೂರವನ್ನು ಕಂಡಿದ್ದರು.

ಮುದ್ದೇನಹಳ್ಳಿಯಲ್ಲಿರುವ ವಿಶ್ವೇಶ್ವರಯ್ಯನವರ ಸಮಾಧಿಗೆ ಶಾಲಾ ಮಕ್ಕಳು ಪ್ರವಾಸ ಬರುವುದುಂಟು. ವಿದುರಾಶ್ವತ್ಥದ ಹುತಾತ್ಮರ ಸ್ಮಾರಕವೂ ಅದೇ ಜಿಲ್ಲೆಯಲ್ಲಿದೆ. ಬೆಳಗ್ಗೆ ಹೊರಟರೆ ಎರಡನ್ನೂ ಒಂದೇ ದಿನದಲ್ಲಿ ನೋಡಿ ಬರಬಹುದು.