ಗುಮ್ಮಟದ ಕೆಳಗೆ ಗೋರಿಯೂ ಇದೆ

ನಮ್ಮ ಕ್ಲಾಸಿನಲ್ಲಿ ಒಂದು ದಿನ ಗೋಳಗುಮ್ಮಟದ ಪಾಠ. ಸುಮಾರು 44 ಮೀಟರ್ ವ್ಯಾಸದ ಗುಮ್ಮಟ, ನಡುವೆ ಒಂದೂ ಕಂಬವಿಲ್ಲ, ಒಂದನ್ನೊಂದು ಕತ್ತರಿಸುವ ಕಮಾನುಗಳು ಭಾರವನ್ನು ಗೋಡೆಗೆ ದಾಟಿಸುವ ಬಗೆ. ಬೋರ್ಡ್ ತುಂಬ ಚಿತ್ರ. ಕೊನೆಗೆ ಒಬ್ಬ ಎದ್ದು ಕೇಳಿದ: ‘ಸರ್, ಮೇಲೆ ಕಾಣೋ ಗೋರಿ ಬರೀ ಗುರುತು, ಖರೇ ಗೋರಿ ನೆಲಮಾಳಿಗ್ಯಾಗ ಐತಿ. ಹಂಗ್ಯಾಕ್ರಿ?’

‘ಅದು ಪರೀಕ್ಷೆಗೆ ಬರಂಗಿಲ್ಲ’ ಅಂದರು ಸರ್.

ಎಲ್ಲರೂ ತಿರುಗಿ ಮೂಲೆಯಲ್ಲಿದ್ದ ಮುಸ್ಲಿಂ ಗೆಳೆಯನತ್ತ ನೋಡಿದೆವು. ಕ್ಯಾಂಟೀನಿನಲ್ಲಿ ನಾನೇ ಅವನನ್ನು ಕೇಳಿದೆ. ‘ನನಗೇನ್ ಗೊತ್ತೋ ದೋಸ್ತ? ನಾನೂ ನಿನ್ನಂಗ ಬಿ.ಇ. ಓದಾಕ ಬಂದೀನಿ’ ಎಂದ. ನಗುತ್ತಲೇ ಅಂದ. ನನಗೆ ಮಾತ್ರ ನಾಚಿಕೆಯಾಯಿತು.

ಧರ್ಮದ ಮಾತು ಬಂದರೆ ಜಗಳವಾದೀತೆಂಬ ಭಯ ಮೇಷ್ಟ್ರುಗಳಿಗೆ. ಭಯ ಸುಳ್ಳಲ್ಲ. ಆದರೆ ಕ್ಲಾಸಿನಲ್ಲಿ ಬಿಟ್ಟ ಜಾಗವನ್ನು ವಾಟ್ಸ್‌ಆ್ಯಪ್ ತುಂಬುತ್ತಿದೆ, ಅಲ್ಲಿ ಯಾರಿಗೂ ಭಯವಿಲ್ಲ. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದೆನ್ನುತ್ತದೆ ಸಂವಿಧಾನದ 28ನೇ ವಿಧಿ. ಧರ್ಮಗಳ ಬಗ್ಗೆ ತಿಳಿಸುವುದಕ್ಕೆ ಅದು ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ನಂಬು ಎನ್ನುವುದು ಬೇರೆ, ನಂಬಿದವರು ಹೇಗೆ ಬದುಕುತ್ತಾರೆ ಎಂದು ನೋಡುವುದು ಬೇರೆ.

ನಮ್ಮೂರು ಹಲಸಂಗಿ. ಮಧುರಚೆನ್ನ ಮತ್ತು ಗೆಳೆಯರು ಹೆಣ್ಣುಮಕ್ಕಳ ಹಾಡು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಶಾಲೆಯಲ್ಲಿ ತ್ರಿಪದಿಯ ಅಂಶಗಣ ಹಾಕಿದ್ದೇ ಹಾಕಿದ್ದು. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತವಳು ದೇವರನ್ನೇಕೆ ನೆನೆಯುತ್ತಿದ್ದಳು, ತವರಿಗೆ ಹೇಳಲಾಗದ್ದನ್ನು ಅವನಿಗೆ ಹೇಳುತ್ತಿದ್ದಳೇ? ಯಾರೂ ಕೇಳಲಿಲ್ಲ. ಆ ಗೆಳೆಯರ ಬಳಗದಲ್ಲಿ ಧೂಲಾಸಾಹೇಬರೂ ಇದ್ದರು. ನಂಬಿಕೆ ಕಳೆದುಕೊಂಡು ತೊಳಲಾಡಿದ್ದನ್ನು ಮಧುರಚೆನ್ನರು ‘ಕಾಳರಾತ್ರಿ’ಯಲ್ಲಿ ಬಿಚ್ಚಿ ಬರೆದಿದ್ದಾರೆ. ಮುಂದೆ ಅವರು ಅರವಿಂದರ ಭಕ್ತರಾದರು. ನಾವು ಒಂದು ಅಂಕಕ್ಕೆ ‘ಅನುಭಾವಿ ಕವಿ’ ಎಂದು ಬರೆದು ಬಂದೆವು.

ಗಣಿತದಲ್ಲೂ ಇದೇ ಕಥೆ. ರಾಮಾನುಜನ್ ಎಂದರೆ 1729, ಮುಗಿಯಿತು. ಅವರು ತಮ್ಮ ಸೂತ್ರಗಳ ಶ್ರೇಯಸ್ಸನ್ನು ನಾಮಕ್ಕಲ್‌ನ ನಾಮಗಿರಿ ದೇವಿಗೆ ಕೊಡುತ್ತಿದ್ದರು. ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿ ಪಕ್ಕಾ ನಾಸ್ತಿಕ. ಇಬ್ಬರೂ ಕೂಡಿ ಲೆಕ್ಕ ಮಾಡಿದರು. ನಂಬಿಕೆ ಸಾಧನೆಯೊಳಗೆ ಹೇಗೆ ಕೆಲಸ ಮಾಡುತ್ತದೆ, ಅದಿಲ್ಲದವನು ಅದೇ ಸಾಧನೆಗೆ ಹೇಗೆ ಮುಟ್ಟುತ್ತಾನೆ ಎಂದು ಮಾತಾಡಲು ಹತ್ತು ನಿಮಿಷ ಸಾಕು.

ಇದಕ್ಕೆಂದೇ ಮತ್ತೊಂದು ಪೇಪರ್ ಮಾತ್ರ ಬೇಡ, ಮಾರಾಯರೇ! ಮೌಲ್ಯಗಳನ್ನು ಬಾಯಿಪಾಠ ಮಾಡಿ ಪಾಸಾಗುವುದನ್ನು ನಾವು ಆಗಲೇ ಕಲಿತಿದ್ದೇವೆ. ಪಾಠದ ದಾರಿಯಲ್ಲೇ ಧರ್ಮ ಎದುರಾದಾಗ ಮುಖ ತಿರುಗಿಸದಿದ್ದರೆ ಸಾಕು. ಒಂದು ಷರತ್ತು: ಯಾವ ವಿದ್ಯಾರ್ಥಿಯನ್ನೂ ಅವನ ಧರ್ಮದ ವಕೀಲನಾಗಿ ನಿಲ್ಲಿಸಬಾರದು. ಓದಿಕೊಂಡು ಬರಬೇಕಾದವರು ಮೇಷ್ಟ್ರು.

ಗೆಳೆಯ ರಜೆಗೆ ಊರಿಗೆ ಹೋದಾಗ ಅಜ್ಜನ ಹತ್ತಿರ ಗೋರಿಯ ವಿಷಯ ಎತ್ತಿದನಂತೆ. ಅಜ್ಜನಿಗೂ ಗೊತ್ತಿರಲಿಲ್ಲ. ‘ಕಾಲೇಜಿನ್ಯಾಗ ಸರ್ ಇರ್ತಾರಲ್ಲ, ಅವರನ್ನ ಕೇಳು’ ಅಂದರಂತೆ.