ಪಿನಾಕಿನಿಯಲ್ಲಿ ಹಾಯಿ ಬಿಚ್ಚುವುದೆಲ್ಲಿ?

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ, ಹೊಸೂರು, ಕೃಷ್ಣಗಿರಿ ಹಾದು ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ನಕ್ಷೆ ನೋಡಿದವರಿಗೆ ಪುಟ್ಟ ಹಾಯಿದೋಣಿ ಹತ್ತಿ ಹೊರಟೇಬಿಡೋಣ ಅನ್ನಿಸೀತು. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳಲ್ಲಿ ಈ ನದಿಯ ಕೆಳಪಾತ್ರವೂ ಇದೆ.

ಪಟ್ಟಿಯಲ್ಲೇನೋ ಇದೆ. ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಗೆ ಮಳೆಗಾಲದಲ್ಲಿ ಹೋದವರ ಕಣ್ಣಿಗೆ ಬೀಳುವುದು ಮಾತ್ರ ನೊರೆ. ಬೆಂಗಳೂರಿನ ಕೊಳಚೆ, ಕಾರ್ಖಾನೆಗಳ ತ್ಯಾಜ್ಯ ಹೊತ್ತ ನೀರು ಗೇಟಿನಿಂದ ಧುಮುಕಿದೊಡನೆ ಬೆಳ್ಳಗೆ ಉಬ್ಬುತ್ತದೆ; ಗಾಳಿ ಬೀಸಿದರೆ ಮುದ್ದೆಮುದ್ದೆಯಾಗಿ ಹೊಲಕ್ಕೆ ಹಾರುತ್ತದೆ. ತಗ್ಗಿನ ಸೇತುವೆಯನ್ನೇ ನುಂಗಿದ್ದೂ ಉಂಟು. ಅಲ್ಲಿ ಹಾಯಿ ಬಿಚ್ಚುವ ಧೈರ್ಯ ಯಾರಿಗಿದೆ?

ಮುಂದೆ ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳು. ದೋಣಿಯನ್ನು ಹೆಗಲ ಮೇಲೆ ಹೊತ್ತೇ ದಾಟಿಸಬೇಕು.

ಈ ಸೀಮೆಯ ನಿಜವಾದ ನೌಕಾವಿದ್ಯೆ ನೋಡಬೇಕಾದರೆ ಪಕ್ಕದ ಜಿಲ್ಲೆಯ ಹೊಗೇನಕಲ್ಲಿಗೆ ಹೋಗಬೇಕು. ಬಿದಿರು ಹೆಣೆದ ಹರಿಗೋಲಿಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಅಂಬಿಗನ ಕೈಲಿ ಒಂದೇ ಹುಟ್ಟು. ಹಾಯಿ ಇಲ್ಲ, ಚುಕ್ಕಾಣಿಯೂ ಇಲ್ಲ. ಆದರೂ ಕಾವೇರಿಯ ಬಂಡೆಗಳ ನಡುವೆ ನುಸುಳುತ್ತದೆ.

ಪಿನಾಕಿನಿಯಲ್ಲೂ ಹೀಗೆ ದೋಣಿ ಸಾಗುವ ದಿನ ಬರಬೇಕಾದರೆ ಜೆಟ್ಟಿಗೆ ದುಡ್ಡು ಸುರಿಯುವ ಮೊದಲು ಗಡಿಯಾಚೆ ಬೆಂಗಳೂರಿನಲ್ಲಿ ಕೊಳಚೆ ಸಂಸ್ಕರಣೆ ಆಗಬೇಕು. ಆ ಹೊಣೆ ಮೊದಲು ಕರ್ನಾಟಕದ್ದು.